ಬಡವನ ಲಾಟರಿ ಚೀಟಿ

ಒಂದು ಆಟ. ನಾನು ನಾಣ್ಯ ಚಿಮ್ಮುತ್ತೇನೆ. ಮೊದಲ ಸಲವೇ ಹೆಡ್ ಬಿದ್ದರೆ ನಿಮಗೆ ಒಂದು ರೂಪಾಯಿ ಕೊಟ್ಟು ಆಟ ಮುಗಿಸುತ್ತೇನೆ. ಟೇಲ್ ಬಿದ್ದರೆ ಮತ್ತೆ ಚಿಮ್ಮುತ್ತೇನೆ. ಎರಡನೆಯ ಸಲ ಹೆಡ್ ಬಂದರೆ ಎರಡು ರೂಪಾಯಿ, ಮೂರನೆಯ ಸಲ ಬಂದರೆ ನಾಲ್ಕು, ನಾಲ್ಕನೆಯ ಸಲ ಎಂಟು. ಹೆಡ್ ಬೀಳುವುದು ತಡವಾದಷ್ಟೂ ಮೊತ್ತ ಇಮ್ಮಡಿಸುತ್ತ ಹೋಗುತ್ತದೆ. ಈ ಆಟಕ್ಕೆ ಕೂರಲು ನೀವು ನನಗೆ ಮುಂಗಡವಾಗಿ ಎಷ್ಟು ಹಣ ಕೊಡಬಲ್ಲಿರಿ?

ಪಠ್ಯಪುಸ್ತಕದ ಲೆಕ್ಕ ಬಹಳ ಸುಲಭ. ಪ್ರತಿಯೊಂದು ಗೆಲುವಿನ ಮೊತ್ತವನ್ನು ಅದು ಸಿಗುವ ಸಂಭವನೀಯತೆಯಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿದರೆ ಆಟದ 'ನಿರೀಕ್ಷಿತ ಮೌಲ್ಯ' ಬರುತ್ತದೆ. ಒಂದು ರೂಪಾಯಿ ಸಿಗುವ ಸಂಭವ ಎರಡರಲ್ಲೊಂದು, ಅದರ ಬೆಲೆ ಅರ್ಧ ರೂಪಾಯಿ. ಎರಡು ರೂಪಾಯಿ ಸಿಗುವ ಸಂಭವ ನಾಲ್ಕರಲ್ಲೊಂದು, ಅದರ ಬೆಲೆಯೂ ಅರ್ಧ ರೂಪಾಯಿ. ನಾಲ್ಕಕ್ಕೂ ಅರ್ಧ, ಎಂಟಕ್ಕೂ ಅರ್ಧ. ಈ ಅರ್ಧಗಳ ಸಾಲಿಗೆ ಕೊನೆಯಿಲ್ಲ. ಆದ್ದರಿಂದ ಮೊತ್ತ ಅನಂತ. ಅಂದರೆ ಮನೆ ಮಾರಿಯಾದರೂ ಈ ಆಟ ಆಡಬೇಕು!

ಹಾಸ್ಟೆಲಿನಲ್ಲಿ ಗೆಳೆಯರಿಗೆ ಈ ಆಟ ಹೇಳಿ ನೋಡಿದೆ. ಯಾರೂ ಇಪ್ಪತ್ತು ರೂಪಾಯಿ ದಾಟಲಿಲ್ಲ. ಒಬ್ಬ ಮಾತ್ರ, "ಅಷ್ಟು ದುಡ್ಡು ಕೊಡೋಕೆ ನಿನ್ನ ಹತ್ರ ಇದೆಯೇನೋ?" ಎಂದು ಕೇಳಿದ. ಮುನ್ನೂರು ವರ್ಷಗಳ ಹಿಂದೆ ಯುರೋಪಿನ ಗಣಿತಜ್ಞರು ತಲೆ ಕೆಡಿಸಿಕೊಂಡದ್ದು ಇದೇ ಗುಂಡಿಯಲ್ಲಿ. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಬುದ್ಧಿ ಇರುವ ಯಾರೂ ಅದನ್ನು ಪಾಲಿಸುವುದಿಲ್ಲ. ಹಾಗಾದರೆ ತಪ್ಪಿರುವುದು ಎಲ್ಲಿ?

ಇದನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ಹಿಂದೆ ಹೋಗಬೇಕು. 1654ರಲ್ಲಿ ಪ್ಯಾಸ್ಕಲ್ ಮತ್ತು ಫರ್ಮಾ ಪತ್ರಗಳ ಮೂಲಕ ಒಂದು ಜಗಳ ಬಿಡಿಸುವ ಲೆಕ್ಕ ಮಾಡಿದರು: ಜೂಜಾಟ ಅರ್ಧಕ್ಕೇ ನಿಂತರೆ, ಪಣಕ್ಕಿಟ್ಟ ಹಣವನ್ನು ಇಬ್ಬರಿಗೂ ಹೇಗೆ ಹಂಚಬೇಕು? ನಿರೀಕ್ಷಿತ ಮೌಲ್ಯದ ಕಲ್ಪನೆ ಬೆಳೆದದ್ದು ಇಲ್ಲಿಂದ. ಲಾಭ ಮಾಡಿಕೊಳ್ಳುವುದು ಹೇಗೆ ಎಂದು ಅವರು ಕೇಳುತ್ತಿರಲಿಲ್ಲ, ನ್ಯಾಯವಾದ ಪಾಲು ಯಾವುದು ಎಂದು ಕೇಳುತ್ತಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಗಟನ್ನು ಹುಟ್ಟಿಸಿದವನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ನಿಕೊಲಾಸ್ ಬರ್ನೂಲಿ. ಗಣಿತಜ್ಞರೇ ತುಂಬಿದ್ದ ಮನೆತನ ಅದು. 1709ರಲ್ಲಿ ಅವನು ಬರೆದ ಪ್ರಬಂಧದ ವಿಷಯ, ಸಂಭವನೀಯತೆಯ ಗಣಿತವನ್ನು ಕಾನೂನಿನಲ್ಲಿ ಬಳಸುವುದು ಹೇಗೆ ಎಂಬುದು. ಮುಂದೆ ಅವನು ಬಾಸೆಲಿನಲ್ಲಿ ಮೊದಲು ತರ್ಕಶಾಸ್ತ್ರ, ಆಮೇಲೆ ಕಾನೂನು ಕಲಿಸಿದ. 1713ರಲ್ಲಿ ಫ್ರಾನ್ಸಿನ ಗಣಿತಜ್ಞ ಮೋಂಮೋರ್‌ಗೆ ಬರೆದ ಪತ್ರದಲ್ಲಿ ಈ ಸಮಸ್ಯೆಯನ್ನು ಮುಂದಿಟ್ಟ. ಅಲ್ಲಿ ನಾಣ್ಯವಿರಲಿಲ್ಲ, ದಾಳವಿತ್ತು.

ದಾಳದ ಬದಲು ನಾಣ್ಯ ತಂದವನು ಗೇಬ್ರಿಯಲ್ ಕ್ರಾಮರ್. ಪಿಯುಸಿಯಲ್ಲಿ ಸಮೀಕರಣ ಬಿಡಿಸಲು 'ಕ್ರಾಮರನ ನಿಯಮ' ಕಲಿತವರಿಗೆ ಈ ಹೆಸರು ಗೊತ್ತಿರುತ್ತದೆ. 1728ರಲ್ಲಿ ಲಂಡನ್ನಿನಿಂದ ಬರೆದ ಪತ್ರದಲ್ಲಿ ಅವನು ಹೇಳಿದ್ದರ ಸಾರ ಇಷ್ಟು: ಗಣಿತಜ್ಞರು ಹಣವನ್ನು ಅದರ ಮೊತ್ತದಿಂದ ಅಳೆಯುತ್ತಾರೆ, ವಿವೇಕಿಗಳು ಅದರಿಂದ ಆಗುವ ಉಪಯೋಗದಿಂದ ಅಳೆಯುತ್ತಾರೆ. ಒಂದು ಮಿತಿ ದಾಟಿದ ಮೇಲೆ ಹೆಚ್ಚಿನ ಹಣಕ್ಕೆ ಹೆಚ್ಚಿನ ಬೆಲೆಯೇ ಇಲ್ಲ ಎಂದಿಟ್ಟುಕೊಳ್ಳೋಣ ಎಂದ ಅವನು, ಆ ಮಿತಿಯನ್ನು 2ರ 24ನೇ ಘಾತ, ಅಂದರೆ 1,67,77,216 ನಾಣ್ಯಗಳಿಗೆ ಇಟ್ಟ. ಕೂಡಲೇ ಅನಂತವಾಗಿದ್ದ ಆಟದ ಬೆಲೆ ಬರೀ 13 ನಾಣ್ಯಕ್ಕೆ ಕುಸಿಯಿತು. 'ಕೊಡೋಕೆ ನಿನ್ನ ಹತ್ರ ಇದೆಯೇನೋ' ಎಂದ ನನ್ನ ಗೆಳೆಯನೂ ಬೇರೆ ದಾರಿಯಿಂದ ಇದೇ ಜಾಗಕ್ಕೆ ಬಂದಿದ್ದ. ಕೊಡುವವನ ಗಲ್ಲಾಪೆಟ್ಟಿಗೆ ಅಷ್ಟಕ್ಕೇ ಮುಗಿಯುತ್ತದೆ ಎಂದರೂ ಉತ್ತರ ಅದೇ 13.

ಮುಂದೆ ಫ್ರಾನ್ಸಿನ ಬುಫಾನ್ ಎಂಬ ವಿದ್ವಾಂಸ ಒಂದು ಮಗುವಿನ ಕೈಯಲ್ಲಿ ನಾಣ್ಯ ಕೊಟ್ಟು 2,048 ಸಲ ಈ ಆಟ ಆಡಿಸಿದ. 1,061 ಆಟಗಳು ಮೊದಲ ಚಿಮ್ಮಿಗೇ ಮುಗಿದವು. ಅತಿ ಉದ್ದದ ಆಟವೂ ಒಂಬತ್ತನೆಯ ಚಿಮ್ಮು ದಾಟಲಿಲ್ಲ. ಸರಾಸರಿ ಗೆಲುವು ಆಟಕ್ಕೆ ಐದು ನಾಣ್ಯದ ಆಸುಪಾಸು.

ಆದರೆ ಅರ್ಥಶಾಸ್ತ್ರದ ಇತಿಹಾಸದಲ್ಲಿ ಹೆಸರು ಉಳಿದದ್ದು ನಿಕೊಲಾಸನ ದಾಯಾದಿ ಡೇನಿಯಲ್ ಬರ್ನೂಲಿಯದು. ಭೌತಶಾಸ್ತ್ರದಲ್ಲಿ ದ್ರವಗಳ ಹರಿವಿನ ಬಗ್ಗೆ ಓದುವ 'ಬರ್ನೂಲಿ ತತ್ವ'ದ ಡೇನಿಯಲ್ ಇವನೇ. 1725ರಿಂದ 1733ರವರೆಗೆ ಅವನು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ಅಕಾಡೆಮಿಯಲ್ಲಿದ್ದ. ಅವನ ಲೇಖನ 1738ರಲ್ಲಿ ಆ ಅಕಾಡೆಮಿಯ ಸಂಪುಟದಲ್ಲಿ ಅಚ್ಚಾಯಿತು. ಒಗಟಿಗೆ 'ಸೇಂಟ್ ಪೀಟರ್ಸ್‌ಬರ್ಗ್ ವಿರೋಧಾಭಾಸ' ಎಂಬ ಹೆಸರು ಬಂದದ್ದು ಹೀಗೆ. ತನಗಿಂತ ಮೊದಲೇ ಕ್ರಾಮರ್ ಇಂಥದೇ ಉತ್ತರ ಕಂಡಿದ್ದನೆಂದು ಅವನ ಪತ್ರವನ್ನೂ ಡೇನಿಯಲ್ ಲೇಖನದಲ್ಲಿ ಸೇರಿಸಿದ.

ಡೇನಿಯಲ್ ಎತ್ತಿದ ಉದಾಹರಣೆ ಇದು. ಒಬ್ಬ ಬಡವನ ಕೈಗೆ ಲಾಟರಿ ಚೀಟಿ ಬರುತ್ತದೆ. ಬಂದರೆ 20,000 ಡಕೆಟ್, ಇಲ್ಲವಾದರೆ ಏನೂ ಇಲ್ಲ, ಎರಡಕ್ಕೂ ಸಮ ಸಂಭವ. ಲೆಕ್ಕದ ಪ್ರಕಾರ ಚೀಟಿಯ ಬೆಲೆ 10,000. ಅವನು ಅದನ್ನು 9,000ಕ್ಕೆ ಮಾರಿದರೆ ದಡ್ಡನೇ? ಅಲ್ಲ, ಎನ್ನುತ್ತಾನೆ ಡೇನಿಯಲ್. ಅದೇ ಚೀಟಿಯನ್ನು 9,000ಕ್ಕೆ ಕೊಳ್ಳುವ ಶ್ರೀಮಂತನೂ ದಡ್ಡನಲ್ಲ. ಹಣದಿಂದ ಸಿಗುವ ಪ್ರಯೋಜನ, ಕೈಯಲ್ಲಿ ಆಗಲೇ ಎಷ್ಟಿದೆ ಎಂಬುದನ್ನು ಅವಲಂಬಿಸಿರುತ್ತದೆ. ಸಂಪತ್ತು ಬೆಳೆದಂತೆಲ್ಲ ಮುಂದಿನ ಪ್ರತಿ ನಾಣ್ಯದ ಪ್ರಯೋಜನ ಇಳಿಯುತ್ತ ಹೋಗುತ್ತದೆ. ಈ ಇಳಿತವನ್ನು ಅವನು ಲಾಗರಿದಮ್‌ನಲ್ಲಿ ಹಿಡಿದ. ಆ ಅಳತೆಯಲ್ಲಿ ನಾಣ್ಯದಾಟದ ಬೆಲೆ ಏನೂ ಇಲ್ಲದವನಿಗೆ 2 ಡಕೆಟ್, ಹತ್ತು ಡಕೆಟ್ ಇದ್ದವನಿಗೆ ಸುಮಾರು 3, ಸಾವಿರ ಇದ್ದವನಿಗೆ ಸುಮಾರು 6. ನಾವು 'ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ' ಎಂದು ಕಂಠಪಾಠ ಮಾಡುವುದರ ಗಣಿತ ರೂಪ ಇಲ್ಲಿದೆ. ಜೆವನ್ಸ್ ಮತ್ತು ಕಾರ್ಲ್ ಮೆಂಗರ್ ಈ ನಿಯಮದ ಮೇಲೆ ಅರ್ಥಶಾಸ್ತ್ರವನ್ನು ಹೊಸದಾಗಿ ಕಟ್ಟಿದ್ದು 1871ರಲ್ಲಿ, ಒಂದು ಶತಮಾನಕ್ಕೂ ಹೆಚ್ಚು ತಡವಾಗಿ.

ವಿಮೆ ಏಕಿದೆ ಎಂಬುದನ್ನೂ ಅವನು ಇದರಿಂದಲೇ ವಿವರಿಸಿದ. ಒಬ್ಬ ವರ್ತಕನ 10,000 ರೂಬಲ್ ಬೆಲೆಯ ಸರಕು ಆಮ್‌ಸ್ಟರ್‌ಡ್ಯಾಮಿನಿಂದ ಹಡಗಿನಲ್ಲಿ ಬರಬೇಕು. ನೂರರಲ್ಲಿ ಐದು ಹಡಗು ಮುಳುಗುತ್ತವೆ. ಲೆಕ್ಕದಂತೆ ಅಪಾಯದ ಬೆಲೆ 500 ರೂಬಲ್, ಆದರೆ ವಿಮೆಗೆ 800 ಕೇಳುತ್ತಾರೆ. ಬೇರೆ ಆಸ್ತಿ 5,043 ರೂಬಲಿಗಿಂತ ಕಡಿಮೆ ಇದ್ದರೆ ವಿಮೆ ಮಾಡಿಸುವುದೇ ಸರಿ. ವಿಮೆ ಕೊಡುವವನ ಬಳಿ 14,243 ರೂಬಲ್ ಆದರೂ ಇರಬೇಕು. ಒಂದೇ ಅಪಾಯ ಒಬ್ಬನಿಗೆ ಭಾರ, ಇನ್ನೊಬ್ಬನಿಗೆ ವ್ಯಾಪಾರ.

ಇಲ್ಲಿಯವರೆಗಿನದು ಪಠ್ಯಪುಸ್ತಕಗಳಲ್ಲೂ ಸಿಗುತ್ತದೆ. ಅವು ಸಾಮಾನ್ಯವಾಗಿ ಬಿಟ್ಟುಬಿಡುವುದು ನಿಕೊಲಾಸನ ಪ್ರತಿಕ್ರಿಯೆಯನ್ನು. ಡೇನಿಯಲ್ ತನ್ನ ಲೇಖನದ ಕರಡನ್ನು ಅವನಿಗೆ ಕಳಿಸಿದ್ದ. 1732ರಲ್ಲಿ ನಿಕೊಲಾಸ್ ಉತ್ತರ ಬರೆದ. ನಿನ್ನ ಯೋಚನೆ ಜಾಣತನದ್ದು, ಆದರೆ ನನ್ನ ಪ್ರಶ್ನೆಗೆ ಇದು ಉತ್ತರವಲ್ಲ ಎಂಬುದು ಅದರ ತಾತ್ಪರ್ಯ. ಗೆದ್ದ ಹಣದಿಂದ ಒಬ್ಬನಿಗೆ ಎಷ್ಟು ಸುಖ, ಸೋತದ್ದರಿಂದ ಎಷ್ಟು ದುಃಖ ಎಂದು ಅವನು ಕೇಳಿರಲಿಲ್ಲ. ನ್ಯಾಯದ ಪ್ರಕಾರ ಒಬ್ಬ ಆಟಗಾರ ಇನ್ನೊಬ್ಬನಿಗೆ ಎಷ್ಟು ಕೊಡಬೇಕು ಎಂದು ಕೇಳಿದ್ದ. ಕಾನೂನು ಓದಿದವನ ಪ್ರಶ್ನೆ ಇದು, ಪ್ಯಾಸ್ಕಲ್ ಮತ್ತು ಫರ್ಮಾ ಕೇಳಿದ್ದೂ ಇದನ್ನೇ.

ಇವೆರಡು ಪ್ರಶ್ನೆಗಳ ನಡುವೆ ಎಷ್ಟು ಅಂತರವಿದೆ ಎಂದು ನೋಡಲು, ಡೇನಿಯಲ್‌ನ ಸೂತ್ರವನ್ನೇ ಹಿಡಿದು ಲಾಟರಿ ಚೀಟಿಯ ಲೆಕ್ಕ ಮಾಡಿದೆ. ಲಕ್ಷ ಡಕೆಟ್ ಇರುವ ಶ್ರೀಮಂತ ಆ ಚೀಟಿಗೆ ಸುಮಾರು 9,500ರವರೆಗೆ ಕೊಡಬಹುದು. ಸಾವಿರ ಡಕೆಟ್ ಇರುವವನು 3,583 ಸಿಕ್ಕರೂ ಮಾರಲು ಒಪ್ಪುತ್ತಾನೆ. ಬರೀ ನೂರು ಡಕೆಟ್ ಇರುವವನಿಗೆ 1,318 ಸಾಕು. ಚೀಟಿ ಮಾತ್ರ ಅದೇ. 1,318ಕ್ಕೆ ವ್ಯಾಪಾರ ಕುದುರಿದರೂ ಸೂತ್ರದ ದೃಷ್ಟಿಯಲ್ಲಿ ಮಾರಿದವನಿಗೆ ನಷ್ಟವಿಲ್ಲ, 9,500ಕ್ಕೆ ಕುದುರಿದರೂ ಕೊಂಡವನಿಗೆ ನಷ್ಟವಿಲ್ಲ. ನಡುವಿನ ಎಂಟು ಸಾವಿರ ಯಾರ ಪಾಲಾಗಬೇಕು? ಈ ಬಗ್ಗೆ ಸೂತ್ರ ಏನನ್ನೂ ಹೇಳುವುದಿಲ್ಲ. ಬಡವನಾದಷ್ಟೂ ಅವನು ಒಪ್ಪುವ ಬೆಲೆ ಇಳಿಯುತ್ತದೆ ಎಂದಷ್ಟೇ ಹೇಳುತ್ತದೆ.

ಕೋಲಾರದ ಶ್ರೀನಿವಾಸಪುರದ ಕಡೆ ಮಾವು ಹೂ ಬಿಟ್ಟ ಹೊತ್ತಿಗೇ ತೋಟದ ಫಸಲನ್ನು ವ್ಯಾಪಾರಿಗೆ ಒಪ್ಪಿಸಿಬಿಡುವವರಿದ್ದಾರೆ. ಕಾಯಿ ನಿಲ್ಲುತ್ತದೋ ಇಲ್ಲವೋ, ಆಲಿಕಲ್ಲು ಬೀಳುತ್ತದೋ, ಮಂಡಿಯಲ್ಲಿ ರೇಟು ಬಿದ್ದುಹೋಗುತ್ತದೋ ಯಾರಿಗೆ ಗೊತ್ತು? ರೈತನಿಗೆ ಇರುವುದು ಒಂದೇ ತೋಟ. ಹತ್ತಾರು ತೋಟ ಹಿಡಿದ ವ್ಯಾಪಾರಿಗೆ ಒಂದು ಕೈಕೊಟ್ಟರೂ ಇನ್ನೊಂದು ಇರುತ್ತದೆ. ಸರಕನ್ನು ಒಂದೇ ಹಡಗಿಗೆ ಹಾಕದೆ ಹಂಚಿ ಕಳಿಸುವುದು ಮೇಲು ಎಂದು ಡೇನಿಯಲ್ ಕೂಡ ಬರೆದಿದ್ದ. ಹೂವಿನಲ್ಲೇ ಮಾರಿದ ರೈತನನ್ನು 'ಸ್ವಲ್ಪ ಕಾದಿದ್ದರೆ ಇನ್ನೂ ಸಿಗುತ್ತಿತ್ತು, ಲೆಕ್ಕ ಗೊತ್ತಿಲ್ಲ' ಎಂದು ಹಂಗಿಸುವವರಿಗೆ ಡೇನಿಯಲ್‌ನ ಉತ್ತರ ಸಾಕು: ಅವನ ಲೆಕ್ಕ ಸರಿಯಾಗಿಯೇ ಇದೆ. ಆದರೆ 'ಒಪ್ಪಿಯೇ ಮಾರಿದ್ದಾನಲ್ಲ, ಆ ಬೆಲೆ ಸರಿಯಾದದ್ದೇ' ಎನ್ನುವವರಿಗೆ ನಿಕೊಲಾಸನ ಪ್ರಶ್ನೆ ಬೇಕು.

ಒಗಟು ಆಮೇಲೂ ಸುಮ್ಮನೆ ಮಲಗಲಿಲ್ಲ. 1934ರಲ್ಲಿ ಮೆಂಗರನ ಮಗ, ಅವನ ಹೆಸರೂ ಕಾರ್ಲ್, ಬಹುಮಾನದ ಮೊತ್ತವನ್ನು ಇನ್ನೂ ವೇಗವಾಗಿ ಏರಿಸಿದರೆ ಲಾಗರಿದಮ್ ಕೂಡ ಸೋತು ಅನಂತ ಮರಳಿ ಬರುತ್ತದೆ ಎಂದು ತೋರಿಸಿದ. 1944ರಲ್ಲಿ ಫಾನ್ ನಾಯ್ಮನ್ ಮತ್ತು ಮಾರ್ಗೆನ್‌ಸ್ಟರ್ನ್ ತಮ್ಮ ಆಟಗಳ ಸಿದ್ಧಾಂತದ ಗ್ರಂಥದಲ್ಲಿ ಡೇನಿಯಲ್‌ನ ದಾರಿಗೆ ಹೊಸ ಬುನಾದಿ ಹಾಕಿದರು. ಇಂದು ನಮ್ಮ ಪರೀಕ್ಷೆಗಳಲ್ಲಿ ಬರುವುದು ಆ ದಾರಿಯ ಪ್ರಶ್ನೆಗಳೇ: ಈ ವ್ಯಕ್ತಿ ವಿಮೆ ಕೊಳ್ಳುವನೇ, ಎಷ್ಟು ಕೊಟ್ಟು ಕೊಳ್ಳುವನು? ಉತ್ತರ ಬರೆದರೆ ಅಂಕ ಸಿಗುತ್ತದೆ. ಅವನಿಂದ ಎಷ್ಟು ತೆಗೆದುಕೊಳ್ಳುವುದು ನ್ಯಾಯ ಎಂಬ ಪ್ರಶ್ನೆ ಮಾತ್ರ 1732ರ ಆ ಪತ್ರದಲ್ಲಿ ಇದ್ದಂತೆಯೇ ಇದೆ.