ಔಷಧಿ ಬಾಟಲಿಯ ಮೇಲಿನ ಬಣ್ಣ ಎಲ್ಲಿಂದ ಬಂತು?

ಗೊಬ್ಬರದ ಅಂಗಡಿಯಿಂದ ತಂದ ಕೀಟನಾಶಕದ ಬಾಟಲಿಯನ್ನು ಒಮ್ಮೆ ತಿರುಗಿಸಿ ನೋಡಿ. ಲೇಬಲ್ಲಿನಲ್ಲಿ, ಮೂಲೆಯ ಮೇಲೆ ನಿಲ್ಲಿಸಿದಂತೆ ಒಂದು ಚೌಕ ಇರುತ್ತದೆ. ಅದರ ಕೆಳಗಿನ ಅರ್ಧ ತ್ರಿಕೋನ ಕೆಂಪು, ಹಳದಿ, ನೀಲಿ ಅಥವಾ ಹಸಿರು. ನಮ್ಮ ಹಳ್ಳಿಗಳಲ್ಲಿ ಬಾಟಲಿಯೊಳಗಿನದ್ದಕ್ಕೆ ಔಷಧಿ ಅನ್ನುತ್ತೇವೆ, ಕೆಲವು ಕಡೆ ಎಣ್ಣೆ. ವಿಷ ಅಂತ ನೇರವಾಗಿ ಹೇಳುವುದು ಆ ಚೌಕ ಮಾತ್ರ.

ಅದರ ಹಿಂದೆ 1958ರ ಕೇರಳದ ದುರಂತವಿದೆ. ಫಾಲಿಡಾಲ್ ಹೆಸರು ನಮ್ಮ ಹಿರಿಯರಿಗೆಲ್ಲ ಗೊತ್ತು. ಆಗ ಅದು ಹೊಸ ಸರಕು. ಹಡಗಿನಲ್ಲಿ ಆಹಾರ ಪದಾರ್ಥಗಳ ಜತೆಗೇ ಸಾಗಿಸುವಾಗ ಅದು ಸೋರಿ ಗೋಧಿಗೆ ಸೇರಿತು. 100ಕ್ಕೂ ಹೆಚ್ಚು ಜನ ಸತ್ತರು. ಅವರು ಹೊಲಕ್ಕೆ ಔಷಧಿ ಹೊಡೆದವರಲ್ಲ, ಊಟ ಮಾಡಿದವರು. ಕೇಂದ್ರ ಸರ್ಕಾರ ನ್ಯಾಯಮೂರ್ತಿ ಜೆ.ಸಿ. ಶಾ ಅವರಿಂದ ವಿಚಾರಣೆ ಮಾಡಿಸಿತು. ಕೀಟನಾಶಕ ಕಾಯ್ದೆ ಬಂದದ್ದು 1968ರಲ್ಲಿ, ನಿಯಮಗಳು 1971ರಲ್ಲಿ. ಹತ್ತು ವರ್ಷಕ್ಕೂ ಮೇಲೆ ಹಿಡಿಯಿತು, ಸರ್ಕಾರದ ಕೆಲಸ!

ಇಷ್ಟೆಲ್ಲ ಆದಮೇಲೂ ಪೂರ್ತಿ ನಿಷೇಧ ಯಾಕಿಲ್ಲ ಅಂತ ಕೇಳಬಹುದು. ಅದು ದೇಶ ಹೊರಗಿನಿಂದ ಗೋಧಿ ತರಿಸಿ ಉಣ್ಣುತ್ತಿದ್ದ ಕಾಲ. ಇಳುವರಿ ಹೆಚ್ಚಬೇಕಿತ್ತು, ಹುಳ ಸಾಯಬೇಕಿತ್ತು. ಹಾಗಾಗಿ ಕಾಯ್ದೆ ಬಾಗಿಲು ಮುಚ್ಚಲಿಲ್ಲ, ಬಾಗಿಲಲ್ಲಿ ಒಬ್ಬ ಕಾವಲುಗಾರನನ್ನು ಕೂರಿಸಿತು. ಕಂಪನಿ ತನ್ನ ಪರೀಕ್ಷೆಯ ವಿವರ ಕೊಟ್ಟು ನೋಂದಣಿ ಮಾಡಿಸಬೇಕು, ಅಂಗಡಿಯವನು ಲೈಸೆನ್ಸ್ ಪಡೆಯಬೇಕು, ಬಾಟಲಿಯ ಮೇಲೆ ಬಣ್ಣ ಇರಬೇಕು. ಆ ಕಾಲಕ್ಕೆ ಇದು ತಪ್ಪು ದಾರಿ ಅಂತ ನಮಗೆ ಅನ್ನಿಸುವುದಿಲ್ಲ.

ತೊಡಕು ಇರುವುದು ಬಣ್ಣದ ಲೆಕ್ಕದಲ್ಲಿ. ಪ್ರಯೋಗದ ಪ್ರಾಣಿಗಳಿಗೆ ವಿಷ ತಿನ್ನಿಸಿ, ಅವುಗಳಲ್ಲಿ ಅರ್ಧದಷ್ಟು ಸಾಯಲು ಎಷ್ಟು ಬೇಕು ಅಂತ ನೋಡುತ್ತಾರೆ. ದೇಹದ ತೂಕದ ಪ್ರತಿ ಕೆ.ಜಿ.ಗೆ 50 ಮಿಲಿಗ್ರಾಂ ಒಳಗೇ ಸತ್ತರೆ ಕೆಂಪು. 500ರವರೆಗೆ ಹಳದಿ, 5,000ದವರೆಗೆ ನೀಲಿ, ಅದಕ್ಕೂ ಮೇಲೆ ಹಸಿರು. ಚರ್ಮಕ್ಕೆ ತಗುಲಿದರೆ ಏನಾಗುತ್ತದೆ ಅನ್ನುವುದಕ್ಕೂ ಇಂಥದ್ದೇ ಲೆಕ್ಕವಿದೆ. ಅಂದರೆ ಈ ಬಣ್ಣ ಹೇಳುವುದು ಒಮ್ಮೆಗೇ ಒಳಗೆ ಹೋದರೆ ಏನು ಅಂತ. ಹತ್ತು ವರ್ಷ ಸ್ವಲ್ಪ ಸ್ವಲ್ಪವೇ ಉಸಿರಾಡಿದರೆ ಏನಾಗುತ್ತದೆ ಅನ್ನುವುದು ಆ ಲೆಕ್ಕದಲ್ಲೇ ಇಲ್ಲ.

ಎಂಡೋಸಲ್ಫಾನ್ ಹಳದಿ ತ್ರಿಕೋನದ ಔಷಧಿ. ಕಾಸರಗೋಡಿನಲ್ಲೂ ನಮ್ಮ ದಕ್ಷಿಣ ಕನ್ನಡದಲ್ಲೂ ಸರ್ಕಾರಿ ನಿಗಮಗಳೇ ಗೇರು ತೋಟಗಳ ಮೇಲೆ ಅದನ್ನು ಹೆಲಿಕಾಪ್ಟರಿನಿಂದ ಸುಮಾರು ಎರಡು ದಶಕ ಸುರಿದವು. ಟೀ ಸೊಳ್ಳೆ ಸಾಯಬೇಕಿತ್ತು. ಕೆಳಗೆ ಮನೆಗಳಿದ್ದವು, ತೆರೆದ ಬಾವಿಗಳಿದ್ದವು. ಅಂಗವಿಕಲ ಕರುಗಳು ಹುಟ್ಟಿದವು, ಆಮೇಲೆ ಮಕ್ಕಳು. ಪತ್ರಕರ್ತ ಶ್ರೀಪಡ್ರೆ 1980ರ ದಶಕದ ಆರಂಭದಲ್ಲೇ ಇದನ್ನು ಬರೆದರು. ಹಳ್ಳಿಯ ಸುದ್ದಿ ಬರೆಯಲು ಹೊರಟ ನಮ್ಮಂಥವರು ಮತ್ತೆ ಮತ್ತೆ ಓದಬೇಕಾದ ಕೆಲಸ ಅದು. ಇದೇ ಔಷಧಿಯಿಂದ ಆಯಿತು ಅನ್ನಲು ಸಾಕ್ಷಿ ಎಲ್ಲಿ ಅಂತ ತಯಾರಕರು ವಾದಿಸುತ್ತಲೇ ಇದ್ದರು. ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆದದ್ದು 2011ರ ಮೇ 13ರಂದು. ಆ ಊರುಗಳ ಸಂತ್ರಸ್ತರಿಗೆ ಸರ್ಕಾರ ಈಗ ಮಾಸಾಶನ ಕೊಡುತ್ತದೆ.

ಎಂಡೋಸಲ್ಫಾನ್ ಹೋಯಿತು, ಬಣ್ಣದ ಲೆಕ್ಕ ಹಾಗೇ ಉಳಿಯಿತು. "ಹಸಿರು ಕಣಣ್ಣಾ, ಏನೂ ಆಗಲ್ಲ" ಅಂತ ಅಂಗಡಿಯಲ್ಲಿ ಹೇಳಿದರೆ ಅದರ ಅರ್ಥ ಇವತ್ತೇ ಸಾಯುವುದಿಲ್ಲ ಅಂತ ಅಷ್ಟೇ. ಮುಖಕ್ಕೆ ಟವೆಲ್ ಕೂಡ ಕಟ್ಟದೆ ಪಂಪು ಬೆನ್ನಿಗೇರಿಸುವುದಕ್ಕೆ ಅದು ಪರವಾನಗಿಯಲ್ಲ. ಯಾವ ಬೆಳೆಗೆ ಎಷ್ಟು, ಹೊಡೆದಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕು, ಮೈಗೆ ತಗುಲಿದರೆ ಏನು ಮಾಡಬೇಕು ಅನ್ನುವುದೆಲ್ಲ ಬಾಟಲಿಯ ಜತೆಗಿನ ಮಡಚಿದ ಚೀಟಿಯಲ್ಲಿದೆ. ಅಕ್ಷರ ಸಾಸಿವೆಗಿಂತ ಸಣ್ಣದು. ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿದರೆ ಓದಬಹುದು.