ಹಾಲನ್ನದ ಬೆಕ್ಕು

ನಮ್ಮ ಅಜ್ಜಿಯ ಮನೆಯಲ್ಲಿ ಬೆಕ್ಕಿಗೆ ಹಾಲನ್ನವಲ್ಲದೆ ಬೇರೆ ಏನನ್ನಾದರೂ ಇಟ್ಟದ್ದನ್ನು ನಾನು ಕಂಡವನಲ್ಲ. ಹಿತ್ತಿಲ ಬಾಗಿಲ ಬಳಿ ಒಂದು ತೆಂಗಿನ ಕರಟ. ಬೆಳಿಗ್ಗೆ ಅದರಲ್ಲಿ ಎರಡು ತುತ್ತು ಅನ್ನ, ಮೇಲೆ ಒಂದಿಷ್ಟು ಹಾಲು. ರಾತ್ರಿ ಎಲ್ಲರ ಊಟವಾದ ಮೇಲೆ ಅದೇ ಕರಟದಲ್ಲಿ ಮೊಸರನ್ನ. ಆ ಮನೆಯ ಬೆಕ್ಕುಗಳು ಇದರ ಮೇಲೆಯೇ ಹತ್ತು ಹನ್ನೆರಡು ವರ್ಷ ಬಾಳಿದವು, ಮರಿ ಹಾಕಿದವು, ಅಟ್ಟದ ಮೇಲೆ ಕಾದಾಡಿ ನಮ್ಮ ನಿದ್ದೆ ಕೆಡಿಸಿದವು. ಆದ್ದರಿಂದ ಬೆಂಗಳೂರಿನ ಮೂರನೆಯ ಅಂತಸ್ತಿನ ಮನೆಗೆ ನಾವೊಂದು ಬೆಕ್ಕಿನ ಮರಿಯನ್ನು ತಂದಾಗ, ಅದಕ್ಕೆ ಏನು ಹಾಕಬೇಕೆಂಬ ಪ್ರಶ್ನೆಯೇ ನನ್ನ ತಲೆಯಲ್ಲಿ ಏಳಲಿಲ್ಲ. ನಮ್ಮದು ಮಾಂಸ ತಾರದ ಮನೆ. ಮರಿ ಹಾಲನ್ನ ತಿಂದಿತು, ದುಂಡಗಾಯಿತು. ಕೆಳಗೆ ರಸ್ತೆ, ವಾಹನಗಳ ಕಾಟ. ಅದು ಹೊಸಿಲು ದಾಟದಂತೆ ಬಹಳ ಎಚ್ಚರದಿಂದ ನೋಡಿಕೊಂಡೆವು.

ಮೂರನೆಯ ವರ್ಷ ಅದು ಕುರ್ಚಿಯ ಕಾಲಿಗೆ ಮೂತಿ ತಗುಲಿಸಿಕೊಳ್ಳತೊಡಗಿತು. ನಡುಹಗಲಿನಲ್ಲೂ ಕಣ್ಣಿನ ಪಾಪೆ ಅಗಲವಾಗಿಯೇ ಇರುತ್ತಿತ್ತು. ಪಶುವೈದ್ಯರು ದೀಪ ಹಿಡಿದು ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು. “ಇದಕ್ಕೆ ಏನು ಹಾಕುತ್ತೀರಿ?” ಎಂದರು. ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ಕೆಲವು ಕ್ಷಣ ಮಾತನಾಡಲಿಲ್ಲ. ಆಮೇಲೆ ಒಂದು ಔಷಧದ ಪುಡಿಯನ್ನೂ, ಬೆಕ್ಕಿನ ಒಣ ತಿನಿಸಿನ ಒಂದು ಪೊಟ್ಟಣವನ್ನೂ ಬರೆದುಕೊಟ್ಟರು.

ಮನೆಗೆ ಬಂದು ನನ್ನಾಕೆ ಪೊಟ್ಟಣದ ಬೆನ್ನಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿದಳು. ಕೋಳಿ ಮಾಂಸ, ಅಕ್ಕಿ, ಮುಸುಕಿನ ಜೋಳ, ಗೋಧಿಯ ಗ್ಲುಟನ್. “ಅನ್ನ ಹಾಕಿ ಕಣ್ಣು ಕಳೆದಿರಿ ಎಂದರು. ಇದರಲ್ಲೂ ಅಕ್ಕಿಯೇ ಇದೆಯಲ್ಲ?” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹುಡುಕುತ್ತ ನಾನು ಓದಿದ ಚರಿತ್ರೆಯೇ ಈ ಲೇಖನ.

ಬೆಕ್ಕನ್ನು ಮನುಷ್ಯನ ಬಳಿಗೆ ಕರೆತಂದದ್ದೇ ಧಾನ್ಯ. ಪಶ್ಚಿಮ ಏಷ್ಯದಲ್ಲಿ ಜನ ಗೋಧಿ, ಬಾರ್ಲಿಗಳನ್ನು ಬೆಳೆದು ಕೂಡಿಡಲು ಕಲಿತಾಗ ಕಣಜಕ್ಕೆ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಸುಮಾರು ೯,೫೦೦ ವರ್ಷಗಳ ಹಿಂದಿನ ಒಂದು ಗೋರಿಯ ಪಕ್ಕದಲ್ಲಿಯೇ ಬೆಕ್ಕಿನ ಅಸ್ಥಿಪಂಜರ ದೊರೆತದ್ದನ್ನು ಫ್ರೆಂಚ್ ವಿದ್ವಾಂಸರು ೨೦೦೪ರಲ್ಲಿ ಪ್ರಕಟಿಸಿದರು. ಗಮನಿಸಬೇಕಾದ ಮಾತೆಂದರೆ, ಕಣಜದ ಕಾವಲಿಗೆ ನಿಂತರೂ ಬೆಕ್ಕು ಕಣಜಕ್ಕೆ ಬಾಯಿ ಹಾಕಲಿಲ್ಲ. ಧಾನ್ಯ ತಿಂದವರನ್ನು ತಿಂದಿತು. ನಾಯಿಯ ಕಥೆ ಬೇರೆ. ಮನುಷ್ಯನ ಎಂಜಲು ತಿನ್ನುತ್ತ ಪಿಷ್ಟವನ್ನು ಅರಗಿಸುವ ಶಕ್ತಿ ಅದರ ವಂಶವಾಹಿಗಳಲ್ಲಿಯೇ ಹೆಚ್ಚಿತೆಂದು ೨೦೧೩ರಲ್ಲಿ ಗೊತ್ತಾಯಿತು. ಬೆಕ್ಕಿಗಾದರೋ ಸಿಹಿಯ ರುಚಿ ಸಹ ತಿಳಿಯದು. ನಾಲಗೆಯ ಮೇಲೆ ಸಿಹಿಯನ್ನು ಗುರುತಿಸುವ ವಂಶವಾಹಿ ಅದರಲ್ಲಿ ಮುರಿದುಹೋಗಿದೆಯೆಂದು ಫಿಲಡೆಲ್ಫಿಯದ ಮೊನೆಲ್ ಸಂಸ್ಥೆಯವರು ೨೦೦೫ರಲ್ಲಿ ತೋರಿಸಿದರು. ನಮ್ಮ ಮನೆಯ ಬೆಕ್ಕು ಹಬ್ಬದ ಪಾಯಸದತ್ತ ತಿರುಗಿಯೂ ನೋಡದಿದ್ದುದನ್ನು ನಾವು ಅದರ ಸಂಯಮವೆಂದು ಭಾವಿಸಿದ್ದೆವು!

ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಬೆಕ್ಕಿನ ಮಾಂಸದವರೆಂದು ಒಂದು ಕಸುಬೇ ಇತ್ತು. ಸತ್ತ ಕುದುರೆಗಳ ಮಾಂಸವನ್ನು ಬೇಯಿಸಿ, ಕಡ್ಡಿಗೆ ಪೋಣಿಸಿ, ಬೀದಿ ಬೀದಿಯಲ್ಲಿ ಕೂಗಿ ಮಾರುವುದು. ಹೆನ್ರಿ ಮೇಹ್ಯೂ ಆ ನಗರದ ಬಡವರ ಬದುಕನ್ನು ಕುರಿತು ಬರೆದಾಗ ಇವರನ್ನೂ ಬಿಡಲಿಲ್ಲ. ಅದೇ ನಗರದಲ್ಲಿ ೧೮೬೦ರ ಸುಮಾರಿಗೆ ಜೇಮ್ಸ್ ಸ್ಪ್ರಾಟ್ ಎಂಬ ಅಮೆರಿಕನ್ನನು ಗೋಧಿ, ತರಕಾರಿ, ಮಾಂಸಗಳನ್ನು ಕೂಡಿಸಿ ನಾಯಿಗಳಿಗೆಂದು ಬಿಸ್ಕತ್ತು ಮಾಡಿ ಮಾರಿದನು. ಸಾಕುಪ್ರಾಣಿಯ ತಟ್ಟೆಗೆ ಹಿಟ್ಟು ವ್ಯಾಪಾರದ ಸರಕಾಗಿ ಬಂದದ್ದು ಅಲ್ಲಿಂದ. ಆಮೇಲೆ ಡಬ್ಬಿಯ ಮಾಂಸ ಬಂತು. ಎರಡನೆಯ ಮಹಾಯುದ್ಧದಲ್ಲಿ ತವರ ಸೈನ್ಯಕ್ಕೆ ಬೇಕಾಗಿ ಡಬ್ಬಿಗೆ ಕೊರತೆಯಾಯಿತು, ಒಣ ತಿನಿಸಿಗೆ ಕಾಲ ಬಂತು. ಹಿಟ್ಟಿನ ಮುದ್ದೆಯನ್ನು ಶಾಖ, ಒತ್ತಡಗಳಿಂದ ರಂಧ್ರದ ಮೂಲಕ ದೂಡಿ ಅರಳಿಸುವ ಎಕ್ಸ್‌ಟ್ರೂಡರ್ ಯಂತ್ರದಿಂದ ಮಾಡಿದ ನಾಯಿಯ ತಿನಿಸನ್ನು ಪ್ಯೂರಿನಾ ಕಂಪನಿ ೧೯೫೭ರಲ್ಲಿ ಮಾರುಕಟ್ಟೆಗೆ ತಂದಿತು. ಬೆಕ್ಕಿನ ಸರದಿಯೂ ಬೇಗನೆ ಬಂತು. ನಮ್ಮ ಚಕ್ಕುಲಿಯ ಒರಳನ್ನು ಬಲ್ಲವರಿಗೆ ಈ ಯಂತ್ರವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬರಿಯ ಮಾಂಸ ಅದರಲ್ಲಿ ಅರಳದು, ರೂಪ ನಿಲ್ಲದು. ಪಿಷ್ಟ ಬೇಕೇ ಬೇಕು. ಅಗ್ಗವೆಂಬುದೂ ಒಂದು ಕಾರಣ, ಮುಚ್ಚುಮರೆ ಏಕೆ?

ಹಾಗಾದರೆ ಆ ಪಿಷ್ಟ ಬೆಕ್ಕಿಗೆ ವಿಷವೆ? ಅದರ ಜೊಲ್ಲಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವವಿಲ್ಲ, ಮೇದೋಜೀರಕದಲ್ಲಿಯೂ ಅದು ನಾಯಿಗಿಂತ ಬಹಳ ಕಡಿಮೆ. ಆದರೂ ಚೆನ್ನಾಗಿ ಅರೆದು ಬೇಯಿಸಿದ ಪಿಷ್ಟದ ಬಹುಭಾಗವನ್ನು ಬೆಕ್ಕು ಅರಗಿಸಿಕೊಳ್ಳುತ್ತದೆಂದು ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾನಿಲಯದ ಜೇಮ್ಸ್ ಮಾರಿಸ್ ಮತ್ತು ಸಂಗಡಿಗರು ೧೯೭೭ರಲ್ಲಿಯೇ ಅಳೆದು ತೋರಿಸಿದ್ದಾರೆ. ಅತಿಯಾದರೆ ಹೊಟ್ಟೆ ಕೆಡುತ್ತದೆ. ಮನೆಯೊಳಗೆ ಕೂತು ತಿಂದು ಬೊಜ್ಜು ಬಂದರೆ ಮಧುಮೇಹವೂ ಹತ್ತಿರವಾಗುತ್ತದೆ, ಮಧುಮೇಹ ಬಂದ ಬೆಕ್ಕಿಗೆ ಪಿಷ್ಟ ಕಡಿಮೆ ಮಾಡುವುದು ಈಗಿನ ಚಿಕಿತ್ಸೆಯ ಒಂದು ಅಂಗ. ಆದರೆ ಅಕ್ಕಿಯಿಂದ ಕಣ್ಣು ಹೋಗುವುದಿಲ್ಲ.

ಕಣ್ಣಿನ ಕಥೆಗೆ ಎತ್ತಿನ ಪಿತ್ತದಿಂದ ಪ್ರಾರಂಭಿಸಬೇಕು. ೧೮೨೭ರಲ್ಲಿ ಟೀಡೆಮಾನ್ ಮತ್ತು ಗ್ಮೆಲಿನ್ ಎಂಬ ಇಬ್ಬರು ಜರ್ಮನ್ ವಿಜ್ಞಾನಿಗಳು ಎತ್ತಿನ ಪಿತ್ತರಸದಿಂದ ಒಂದು ಬಿಳಿಯ ದ್ರವ್ಯವನ್ನು ಬೇರ್ಪಡಿಸಿದರು. ಲ್ಯಾಟಿನ್ನಿನಲ್ಲಿ ಎತ್ತು ‘ಟಾರಸ್’ ಆದ್ದರಿಂದ ಅದು ‘ಟಾರಿನ್’ ಆಯಿತು. ಒಂದೂವರೆ ಶತಮಾನ ಕಾಲ ಅದರ ಉಪಯೋಗವನ್ನು ಯಾರೂ ದೊಡ್ಡದಾಗಿ ವಿಚಾರಿಸಲಿಲ್ಲ. ೧೯೭೫ರಲ್ಲಿ ಹೇಯ್ಸ್, ಕೇರಿ, ಶ್ಮಿಟ್ ಎಂಬ ಮೂವರು ಅಮೆರಿಕದಲ್ಲಿ ಒಂದು ವರದಿ ಪ್ರಕಟಿಸಿದರು: ಕೇಸಿನ್ ಒಂದನ್ನೇ ಸಸಾರಜನಕವಾಗಿ ಕೊಟ್ಟು ಸಾಕಿದ ಬೆಕ್ಕುಗಳ ಅಕ್ಷಿಪಟಲ ಸವೆದುಹೋಗುತ್ತದೆ, ಕಾರಣ ಟಾರಿನ್ನಿನ ಅಭಾವ. ಅನೇಕ ಪ್ರಾಣಿಗಳು ಟಾರಿನ್ನನ್ನು ತಮ್ಮ ದೇಹದಲ್ಲೇ ಸಾಕಷ್ಟು ತಯಾರಿಸಿಕೊಳ್ಳುತ್ತವೆ. ಬೆಕ್ಕಿಗೆ ಆ ಸಾಮರ್ಥ್ಯ ಸಾಲದು. ಮಾಂಸದಲ್ಲಿ, ಮೀನಿನಲ್ಲಿ, ಇಲಿಯಲ್ಲಿ ಅದು ಧಾರಾಳವಾಗಿದೆ. ಧಾನ್ಯದಲ್ಲಿ ಇಲ್ಲವೆಂದೇ ಹೇಳಬೇಕು. ಹಸುವಿನ ಹಾಲಿನಲ್ಲಿಯೂ ತೀರ ಅಲ್ಪ.

ಕೇಸಿನ್ ಎಂದರೆ ಹಾಲಿನ ಸಸಾರಜನಕ. ಈ ಸಾಲನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ತೆನಾಲಿ ರಾಮಕೃಷ್ಣನು ಕೃಷ್ಣದೇವರಾಯನ ಬೆಕ್ಕಿಗೆ ಕುದಿಯುವ ಹಾಲಿಟ್ಟ ಕಥೆಗೆ ನಾವೆಲ್ಲ ನಕ್ಕವರೇ. ಆ ಬೆಕ್ಕಿಗೆ ಸುಟ್ಟದ್ದು ನಾಲಗೆಯಷ್ಟೆ. ಅಜ್ಜಿಯ ಬೆಕ್ಕುಗಳ ಗುಟ್ಟೂ ಆಗ ತಿಳಿಯಿತು. ಅವು ಕರಟದಲ್ಲಿದ್ದುದನ್ನು ಉಪಚಾರಕ್ಕೆ ತಿಂದು, ಊಟಕ್ಕೆ ಅಟ್ಟಕ್ಕೂ ಗದ್ದೆಯ ಬದುವಿಗೂ ಹೋಗುತ್ತಿದ್ದವು. ನಾನು ಕರಟವನ್ನು ಪಟ್ಟಣಕ್ಕೆ ತಂದೆ, ಅಟ್ಟವನ್ನು ತರಲಿಲ್ಲ.

ಪಂಡಿತರ ಕಂಪನಿಗಳೂ ಎಡವದೆ ಇರಲಿಲ್ಲ. ೧೯೮೭ರಲ್ಲಿ ಅದೇ ಡೇವಿಸ್‌ನ ಪಾಲ್ ಪಿಯಾನ್ ಮತ್ತು ಸಂಗಡಿಗರು, ಪೇಟೆಯ ಸಿದ್ಧ ತಿನಿಸನ್ನೇ ತಿಂದ ಬೆಕ್ಕುಗಳ ಹೃದಯ ಹಿಗ್ಗಿ ಸೋಲುವುದಕ್ಕೂ ಟಾರಿನ್ ಕೊರತೆಯೇ ಕಾರಣವೆಂದು ಕಂಡರು. ಟಾರಿನ್ ಕೊಟ್ಟರೆ ಹೃದಯ ಚೇತರಿಸಿಕೊಂಡಿತು. ತಯಾರಕರು ಅದರ ಪ್ರಮಾಣ ಹೆಚ್ಚಿಸಿದರು. ಆ ರೋಗ ಅಪರೂಪವಾಯಿತು.

ಇನ್ನು ಪೊಟ್ಟಣದ ಪಟ್ಟಿಯಲ್ಲಿ ಉಳಿದದ್ದು ಗೋಧಿಯ ಗ್ಲುಟನ್. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಯೋಹಾನ್ ಕೆಲ್ಡಾಲ್ ೧೮೮೩ರಲ್ಲಿ ಒಂದು ವಿಧಾನ ರೂಪಿಸಿದನು: ಪದಾರ್ಥದಲ್ಲಿ ಸಾರಜನಕವೆಷ್ಟೆಂದು ಅಳೆದು, ಅದರಿಂದ ಸಸಾರಜನಕವೆಷ್ಟೆಂದು ಲೆಕ್ಕ ಹಾಕುವುದು. ನಮ್ಮ ಹಳೆಯ ಪಠ್ಯಪುಸ್ತಕಗಳು ಪ್ರೋಟೀನಿಗೆ ಕೊಟ್ಟ ‘ಸಸಾರಜನಕ’ ಎಂಬ ಹೆಸರಿನಲ್ಲಿಯೇ ಈ ಲೆಕ್ಕ ಅಡಗಿದೆ, ಇದರ ಮೋಸವೂ ಅಡಗಿದೆ. ಸಾರಜನಕವಿದ್ದದ್ದೆಲ್ಲ ಸಸಾರಜನಕವೆಂದು ತಕ್ಕಡಿ ನಂಬುತ್ತದೆ. ಪ್ಲಾಸ್ಟಿಕ್ ತಟ್ಟೆಗೆ ಬಳಸುವ ಮೆಲಮಿನ್ ಪುಡಿಯ ತೂಕದಲ್ಲಿ ಮೂರನೆಯ ಎರಡು ಪಾಲು ಸಾರಜನಕ.

೨೦೦೭ರ ಮಾರ್ಚ್ ೧೬ರಂದು ಕೆನಡದ ಮೆನು ಫುಡ್ಸ್ ಕಂಪನಿ ಆರು ಕೋಟಿಗೂ ಮಿಕ್ಕ ಡಬ್ಬಿ, ಪೊಟ್ಟಣಗಳನ್ನು ಹಿಂದಕ್ಕೆ ಕರೆಯಿತು. ಬೆಕ್ಕು ನಾಯಿಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ಕಂಪನಿಯ ರುಚಿಪರೀಕ್ಷೆಯ ಬೆಕ್ಕುಗಳೂ ಸತ್ತಿದ್ದವು. ಮೊದಲು ಇಲಿಪಾಷಾಣದ ಸಂಶಯ ಹುಟ್ಟಿತು. ತಿಂಗಳ ಕೊನೆಯ ಹೊತ್ತಿಗೆ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಮೆಲಮಿನ್ ಪತ್ತೆಯಾಯಿತೆಂದಿತು. ಮೆಲಮಿನ್ ಸಯನ್ಯೂರಿಕ್ ಆಮ್ಲದೊಡನೆ ಕೂಡಿ ಮೂತ್ರಪಿಂಡದ ಸೂಕ್ಷ್ಮನಾಳಗಳಲ್ಲಿ ಹರಳುಗಟ್ಟುತ್ತಿತ್ತು. ಮೇ ತಿಂಗಳಲ್ಲಿ ಇನ್ನೂ ಒಂದು ಮಾತು ಹೊರಬಿತ್ತು. ಚೀನದಿಂದ ಬಂದ ಆ ಗ್ಲುಟನ್ ಗ್ಲುಟನ್ನೇ ಆಗಿರಲಿಲ್ಲ. ಮೆಲಮಿನ್ ಬೆರೆಸಿದ ಬರಿಯ ಗೋಧಿಹಿಟ್ಟು! ಹಿಟ್ಟಿಗೆ ಸಸಾರಜನಕದ ವೇಷ ಹಾಕಿ, ಅದರ ಬೆಲೆಗೆ ಮಾರಿದ್ದರು. ಮರುವರ್ಷ ಚೀನದಲ್ಲಿಯೇ ಹಸುಳೆಗಳ ಹಾಲುಪುಡಿಯಲ್ಲಿ ಇದೇ ಮೆಲಮಿನ್ ದೊರೆಯಿತು. ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಶಿಶುಗಳು ತೀರಿಕೊಂಡವು. ಬೆಕ್ಕುಗಳು ಒಂದು ವರ್ಷ ಮೊದಲೇ ಸತ್ತು ಹೇಳಿದ್ದನ್ನು ಲೋಕ ಬೆಕ್ಕಿನ ವಿಷಯವೆಂದು ಬದಿಗಿಟ್ಟಿತ್ತು.

ಇಷ್ಟನ್ನೂ ನನ್ನಾಕೆಗೆ ಹೇಳಿದೆ. ಅವಳು ಕೇಳಿ, ಪೊಟ್ಟಣವನ್ನು ಮತ್ತೆ ತಿರುಗಿಸಿ, ಟಾರಿನ್ ಎಂಬ ಪದ ಎಲ್ಲಿದೆಯೆಂದು ಬೆರಳಿಟ್ಟು ಹುಡುಕಿದಳು. ಕೊನೆಯಿಂದ ನಾಲ್ಕನೆಯ ಸಾಲಿನಲ್ಲಿತ್ತು.

ಬೆಕ್ಕಿನ ಹೃದಯ ಆರು ತಿಂಗಳಲ್ಲಿ ಸರಿಹೋಯಿತು. ಹೋದ ಕಣ್ಣು ಬರಲಿಲ್ಲ. ಈಗ ನಾವು ಮನೆಯಲ್ಲಿ ಯಾವ ಕುರ್ಚಿಯನ್ನೂ ಇದ್ದ ಜಾಗದಿಂದ ಕದಲಿಸುವುದಿಲ್ಲ. ನೆಂಟರು ಬಂದರೆ ಮೊದಲೇ ಹೇಳಿಬಿಡುತ್ತೇವೆ. ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ ಅದು ಈಗಲೂ ಗೋಡೆ ಸವರಿಕೊಂಡು ಅಡಿಗೆಮನೆಯ ಬಾಗಿಲಿಗೆ ಬಂದು ಕೂಗುತ್ತದೆ.