ಕರ್ಮ, ಸಂಕಲ್ಪ ಮತ್ತು ಹೊನ್ನಾವರದ ಸುಲ್ತಾನರು

ಹಿಜ್ರಿ ಎಂಟನೆಯ ಶತಮಾನದಲ್ಲಿ, ಅಂದರೆ ಕ್ರಿ.ಶ. 1340ರ ದಶಕದಲ್ಲಿ, ಮೊರೊಕ್ಕೊ ದೇಶದ ಪ್ರವಾಸಿ ಇಬ್ನು ಬತೂತ ನಮ್ಮ ಹೊನ್ನಾವರಕ್ಕೆ ಬಂದರು. ಅವರು ಅದನ್ನು ‘ಹಿನೌರ್’ ಎಂದು ಬರೆಯುತ್ತಾರೆ. ಅಲ್ಲಿಯ ಮುಸ್ಲಿಮರು ಶಾಫಿಈ ಮದ್‌ಹಬ್‌ನ ಅನುಯಾಯಿಗಳು, ಧರ್ಮನಿಷ್ಠರು; ಊರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಪಾಠಶಾಲೆಗಳು; ಸ್ತ್ರೀಯರು ಪವಿತ್ರ ಕುರ್‌ಆನನ್ನು ಕಂಠಪಾಠ ಮಾಡಿದವರು ಎಂಬುದು ಅವರ ದಾಖಲೆ. ಈ ಸಂಖ್ಯೆಗಳನ್ನು ಭಟ್ಕಳ, ಹೊನ್ನಾವರ, ಕುಮಟಾಗಳ ಸಭೆಗಳಲ್ಲಿ ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಅದೇ ಗ್ರಂಥದಲ್ಲಿ ಮುಂದೆ ತೊಡಕಿನ ಒಂದು ಪ್ರಸಂಗವಿದೆ. ಅದರ ಬಗ್ಗೆ ಮಾತನಾಡುವವರು ವಿರಳ.

ಆ ಪ್ರಸಂಗಕ್ಕೆ ಬರುವ ಮುನ್ನ ಒಂದು ಹಳೆಯ ಪ್ರಶ್ನೆಯನ್ನು ಎತ್ತಿಕೊಳ್ಳಬೇಕು. ಒಂದು ಕೃತ್ಯವನ್ನು ಸತ್ಕರ್ಮವನ್ನಾಗಿಸುವುದು ಯಾವುದು? ಕೈ ಮಾಡಿದ ಕೆಲಸವೋ, ಅದರ ಫಲವೋ, ಹೃದಯದ ಸಂಕಲ್ಪವೋ?

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್‌ನ ಪ್ರಕಾರ ಸದ್ಗುಣವು ಹುಟ್ಟಿನಿಂದ ಬರುವುದಲ್ಲ, ಅಭ್ಯಾಸದಿಂದ ಬರುವುದು. ನ್ಯಾಯದ ಕೆಲಸಗಳನ್ನು ಮಾಡುತ್ತ ಮಾಡುತ್ತ ಮನುಷ್ಯ ನ್ಯಾಯವಂತನಾಗುತ್ತಾನೆ. ಅವನ ನೀತಿಶಾಸ್ತ್ರ ಅರಬಿ ಭಾಷೆಗೆ ಬಂದ ಮೇಲೆ ಅದನ್ನು ಆಳವಾಗಿ ಅಧ್ಯಯನ ಮಾಡಿದವರಲ್ಲಿ ಇಬ್ನು ಮಿಸ್ಕವೈಹ್ (ಮರಣ 1030) ಪ್ರಮುಖರು. ‘ತಹ್‌ಝೀಬುಲ್ ಅಖ್‌ಲಾಕ್’ ಗ್ರಂಥದಲ್ಲಿ ಅವರ ವಾದ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. ಗುಹೆಯಲ್ಲಿ ಏಕಾಂಗಿಯಾಗಿ ಕುಳಿತವನನ್ನು ಸದ್ಗುಣಿ ಎನ್ನಲಾಗದು. ಉದಾರತೆಯನ್ನಾಗಲಿ ನ್ಯಾಯವನ್ನಾಗಲಿ ತೋರಿಸಲು ಅವನ ಎದುರು ಇನ್ನೊಬ್ಬ ಮನುಷ್ಯನೇ ಇಲ್ಲವಲ್ಲ! ದಿನಕ್ಕೆ ಐದು ಬಾರಿ ಜಮಾಅತ್ ನಮಾಝ್, ವಾರಕ್ಕೊಮ್ಮೆ ಜುಮುಆ, ವರ್ಷಕ್ಕೆರಡು ಈದ್‌ಗಳನ್ನು ಶರೀಅತ್ ವಿಧಿಸಿದ್ದರ ಹಿಂದೆ ಜನರ ನಡುವೆ ಸ್ನೇಹವನ್ನು ಬೆಳೆಸುವ ಉದ್ದೇಶವನ್ನೂ ಅವರು ಕಂಡರು.

ಇಮಾಮ್ ಗಝ್ಝಾಲಿ(ರ) (1058–1111) ಸ್ವತಃ ಶಾಫಿಈ ಪಂಡಿತರು. ಅವರ ‘ಇಹ್ಯಾ ಉಲೂಮಿದ್ದೀನ್’ ಗ್ರಂಥದಲ್ಲಿ ಅಂದವಾಗಿ ಬರೆಯಲು ಕಲಿಯುವವನ ಉದಾಹರಣೆ ಬರುತ್ತದೆ. ಅವನು ಮೊದಲು ನುರಿತ ಲಿಪಿಕಾರನ ಕೈಯನ್ನು ಪ್ರಯಾಸದಿಂದ ಅನುಕರಿಸುತ್ತಾನೆ. ದಿನಗಳುರುಳಿದಂತೆ ಆ ಪ್ರಯಾಸವೇ ಸ್ವಭಾವವಾಗುತ್ತದೆ. ಜಿಪುಣನು ಉದಾರಿಯಾಗಬೇಕಾದರೂ ಮೊದಮೊದಲು ಮನಸ್ಸಿಲ್ಲದ ಮನಸ್ಸಿನಿಂದಲೇ ಕೊಡಬೇಕು. ಮಗುವಿಗೆ ಅಲಿಫ್ ಬಾ ಕಲಿಸಿದ ಯಾವ ಉಸ್ತಾದರಿಗೂ ಇದು ಹೊಸ ವಿಷಯವಲ್ಲ. ಹೊನ್ನಾವರದ ಆ 36 ಪಾಠಶಾಲೆಗಳಲ್ಲಿ ನಡೆದಿದ್ದೂ ಇದೇ ಆಗಿರಬೇಕು.

ಆದರೆ ಅಭ್ಯಾಸವಷ್ಟೇ ಸಾಲದು. ಕರ್ಮಗಳ ಮೌಲ್ಯ ನಿಯ್ಯತ್ತಿನಲ್ಲಿದೆ ಎಂಬ ಆಶಯದ ಪ್ರವಾದಿ(ಸ) ವಚನದಿಂದಲೇ ‘ಸಹೀಹ್ ಬುಖಾರಿ’ ಆರಂಭವಾಗುತ್ತದೆ. ಕುತೂಹಲದ ಸಂಗತಿಯೆಂದರೆ, ಇದೇ ಪ್ರಶ್ನೆಯನ್ನು ನಮ್ಮ ನೆರೆಯ ಜೈನರೂ ಎದುರಿಸಿದ್ದರು. ಹೊನ್ನಾವರ ತಾಲೂಕಿನ ಗೇರುಸೊಪ್ಪೆಯ ಚತುರ್ಮುಖ ಬಸದಿಯನ್ನೂ ಭಟ್ಕಳದ ಚಂದ್ರನಾಥ ಬಸದಿಯನ್ನೂ ನೋಡದವರು ಈ ಭಾಗದಲ್ಲಿ ಕಡಿಮೆ. ಜನ್ನ ಕವಿ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಅರಸನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯೊಂದನ್ನು ದೇವಿಗೆ ಬಲಿಕೊಡುತ್ತಾನೆ. ಯಾವ ಜೀವವೂ ಸಾಯಲಿಲ್ಲ. ಆದರೂ ಕೊಲ್ಲುವ ಸಂಕಲ್ಪ ಮಾಡಿದ ಕಾರಣ ತಾಯಿಮಗ ಇಬ್ಬರೂ ಪಶುಪಕ್ಷಿಗಳಾಗಿ ಜನ್ಮಜನ್ಮಾಂತರ ಅಲೆಯುತ್ತಾರೆ.

ಪುನರ್ಜನ್ಮವನ್ನು ನಾವು ಒಪ್ಪುವುದಿಲ್ಲ. ಆ ಮಾತನ್ನು ಇಲ್ಲಿ ಬೆಳೆಸುವ ಅಗತ್ಯವಿಲ್ಲ. ಸಂಕಲ್ಪದ ತೂಕದ ವಿಷಯದಲ್ಲಿ ಮಾತ್ರ ಹೋಲಿಕೆ ಗಮನಾರ್ಹ. ಮನಸ್ಸಿನಲ್ಲಿ ಸುಳಿದು ಹೋಗುವ ಕೆಟ್ಟ ಯೋಚನೆಗೆ ವಿಚಾರಣೆಯಿಲ್ಲ, ಅಲ್ಲಾಹನನ್ನು ನೆನೆದು ಅದನ್ನು ತೊರೆದವನಿಗೆ ಪುಣ್ಯವೇ ಬರೆಯಲ್ಪಡುತ್ತದೆ ಎಂದು ಹದೀಸ್ ತಿಳಿಸುತ್ತದೆ. ಅದೇ ವೇಳೆ, ಖಡ್ಗ ಹಿಡಿದು ಎದುರಾದ ಇಬ್ಬರು ಮುಸ್ಲಿಮರಲ್ಲಿ ಕೊಲ್ಲಲ್ಪಟ್ಟವನೂ ನರಕಕ್ಕೆ ಅರ್ಹನೆಂದು ಪ್ರವಾದಿ(ಸ) ಎಚ್ಚರಿಸಿದರು, ಏಕೆಂದರೆ ಅವನೂ ಕೊಲ್ಲಲು ಹವಣಿಸಿದ್ದನು. ಸುಳಿಯುವ ಯೋಚನೆಗೂ ದೃಢಸಂಕಲ್ಪಕ್ಕೂ ಇರುವ ಈ ಗೆರೆಯನ್ನು ಇಮಾಮ್ ಗಝ್ಝಾಲಿ(ರ) ಬಹು ಸೂಕ್ಷ್ಮವಾಗಿ ವಿವರಿಸಿದ್ದಾರೆ.

ವ್ಯಾಪಾರಿಗಳ ನಾಡಾದ ನಮಗೆ ‘ಇಹ್ಯಾ’ದ ಇನ್ನೊಂದು ಪ್ರಸಂಗ ಹೆಚ್ಚು ಹತ್ತಿರವಾದದ್ದು. ಬಸರಾದ ಬಟ್ಟೆ ವ್ಯಾಪಾರಿ ಯೂನುಸ್ ಬಿನ್ ಉಬೈದ್(ರ) ನಮಾಝಿಗೆ ಹೋಗಿದ್ದಾಗ ಅಂಗಡಿಯಲ್ಲಿದ್ದ ಅವರ ಸಹೋದರನ ಮಗನು 200 ದಿರ್‌ಹಮ್ ಬೆಲೆಯ ಉಡುಪನ್ನು ಗ್ರಾಮೀಣ ಅರಬನೊಬ್ಬನಿಗೆ 400ಕ್ಕೆ ಮಾರಿದನು. ಕೊಂಡವನು ತೃಪ್ತನಾಗಿದ್ದನು, ತನ್ನ ಊರಿನಲ್ಲಿ ಅದಕ್ಕೆ ಇನ್ನೂ ಹೆಚ್ಚು ಬೆಲೆಯಿದೆ ಎಂದೂ ಹೇಳಿದನು. ಆದರೂ ಯೂನುಸ್ ಅವನನ್ನು ಕರೆದುತಂದು 200 ದಿರ್‌ಹಮ್ ಹಿಂದಿರುಗಿಸಿದರು, ಹುಡುಗನನ್ನು ಗದರಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕುಮಟಾ ಬಂದರು ಧಾರವಾಡ ಸೀಮೆಯ ಹತ್ತಿಯನ್ನು ಮುಂಬೈಗೆ ಸಾಗಿಸುತ್ತಿತ್ತು. ಮುಂಬೈ ಪೇಟೆಯಲ್ಲಿ ‘ಕುಮಟಾ’ ಎಂಬುದು ಒಂದು ಹತ್ತಿಯ ಹೆಸರೇ ಆಗಿತ್ತು. ಹತ್ತಿಯ ಕಲಬೆರಕೆಯನ್ನು ತಡೆಯಲು 1863ರಲ್ಲಿ ಮುಂಬೈ ಸರಕಾರ ಕಾಯಿದೆಯನ್ನೇ ತರಬೇಕಾಯಿತು. ಕಾಯಿದೆ ಕಲಬೆರಕೆಯನ್ನು ಹಿಡಿಯಬಲ್ಲದು. ಗಿರಾಕಿ ಸಂತೋಷದಿಂದ ಕೊಟ್ಟ ಆ ಹೆಚ್ಚುವರಿ 200ನ್ನು ಯಾವ ಕಾಯಿದೆ ಹಿಡಿದೀತು?

ಇನ್ನು ಆ ತೊಡಕಿನ ಪ್ರಸಂಗ. ಹೊನ್ನಾವರದ ಸುಲ್ತಾನ ಜಮಾಲುದ್ದೀನ್ ಮುಹಮ್ಮದ್ ಬಿನ್ ಹಸನ್ ಜಮಾಅತ್ ನಮಾಝಿನಲ್ಲಿ ಅತ್ಯಂತ ನಿಷ್ಠರು. ಪ್ರಭಾತಕ್ಕೆ ಮೊದಲೇ ಮಸೀದಿಗೆ ಬಂದು ಕುರ್‌ಆನ್ ಪಠಿಸುತ್ತಿದ್ದರು. ಅವರು ಸಂದಾಪುರ, ಅಂದರೆ ಗೋವೆಯ ಮೇಲೆ ದಂಡೆತ್ತಿ ಹೋಗಲು 52 ಹಡಗುಗಳನ್ನು ಸಜ್ಜುಗೊಳಿಸಿದರು. ಅಲ್ಲಿನ ಅರಸನ ಮಗನೇ ತಂದೆಯೊಡನೆ ಜಗಳವಾಡಿ ಇವರನ್ನು ಕರೆದಿದ್ದನು; ಊರು ಕೈವಶವಾದರೆ ಇಸ್ಲಾಮ್ ಸ್ವೀಕರಿಸಿ ಸುಲ್ತಾನರ ಸಹೋದರಿಯನ್ನು ವರಿಸುವುದಾಗಿ ಪತ್ರ ಬರೆದಿದ್ದನು. ತಾವೂ ಹೋಗಬೇಕೇ ಎಂದು ನಿರ್ಧರಿಸಲು ಇಬ್ನು ಬತೂತ ಮುಸ್‌ಹಫನ್ನು ತೆರೆದು ಶಕುನ ನೋಡಿದರು. ಅಲ್ಲಾಹನಿಗೆ ನೆರವಾಗುವವರಿಗೆ ಅವನು ನೆರವಾಗುವನೆಂಬ ಅರ್ಥದ ಆಯತ್ ಎದುರಾಯಿತು. ಅದನ್ನು ಕೇಳಿದ ಸುಲ್ತಾನರು ತಾವೇ ದಂಡಿನೊಂದಿಗೆ ಹೊರಟುಬಿಟ್ಟರು.

ಮುಸ್‌ಹಫ್ ತೆರೆದು ಶಕುನ ನೋಡುವುದನ್ನು ಅನೇಕ ಫಕೀಹರು ನಿಷೇಧಿಸಿದ್ದಾರೆ. ಪ್ರವಾದಿ(ಸ) ಕಲಿಸಿದ್ದು ಇಸ್ತಿಖಾರಾ. ಅದರಲ್ಲಿ ದಾಸನು ಒಳಿತನ್ನು ಬೇಡುತ್ತಾನೆ, ತನ್ನ ಹೆಜ್ಜೆಗೆ ತಾನೇ ಹೊಣೆಯಾಗಿ ಉಳಿಯುತ್ತಾನೆ. ಶಕುನದಲ್ಲಿ ಆ ಹೊಣೆ ಪುಟದ ಮೇಲೆ ಬೀಳುತ್ತದೆ. ಒಬ್ಬ ಮಗನ ಕೌಟುಂಬಿಕ ಜಗಳಕ್ಕೆ, ವಿವಾಹದ ಒಪ್ಪಂದಕ್ಕೆ, ಬಂದರಿನ ಲಾಭಕ್ಕೆ ಒಂದು ಪವಿತ್ರ ಆಯತ್‌ನ ಹೊದಿಕೆ ಸಿಕ್ಕಿತೇ? ಸುಲ್ತಾನರ ಹೃದಯದಲ್ಲಿದ್ದುದನ್ನು ಅಲ್ಲಾಹನೇ ಬಲ್ಲನು. ಅವರ ತಹಜ್ಜುದನ್ನಾಗಲಿ ಪಾಠಶಾಲೆಗಳನ್ನಾಗಲಿ ನಾವು ಕಿರಿದುಮಾಡುವುದಿಲ್ಲ. ಆದರೆ ಅಭ್ಯಾಸದಿಂದ ನೂರಾರು ಮಕ್ಕಳ ನಡತೆಯನ್ನು ತಿದ್ದಿದ ಊರು, ಒಂದು ಯುದ್ಧದ ಸಂಕಲ್ಪವನ್ನು ಅಷ್ಟೇ ಎಚ್ಚರದಿಂದ ತೂಗಿ ನೋಡಿದಂತೆ ನಮಗೆ ಕಾಣುವುದಿಲ್ಲ.

ಸಂದಾಪುರ ಗೆದ್ದದ್ದು ನಿಜ. ಕೆಲವು ತಿಂಗಳುಗಳ ಬಳಿಕ ಇಬ್ನು ಬತೂತ ಅಲ್ಲಿಗೆ ಮರಳಿದಾಗ ಹಳೆಯ ಅರಸನು ಅದನ್ನು ಹಿಂಪಡೆಯಲು ಬಂದು ಊರನ್ನು ಮುತ್ತಿದನು. ಪರಿಸ್ಥಿತಿ ಬಿಗಡಾಯಿಸಿತು. ಇಬ್ನು ಬತೂತ ಮುತ್ತಿಗೆಯ ನಡುವೆಯೇ ಅಲ್ಲಿಂದ ಹೊರಟು ಕಲ್ಲಿಕೋಟೆ ಸೇರಿದರು; ಅಲ್ಲಿಂದ ಮಾಲ್ದೀವ್ಸ್‌ನ ಹಡಗು ಹತ್ತಿದರು.